ಮರ್ಯಾದಸ್ಥ ಹೆಂಗಸಿನ ಸಹಿ

ಹೋದ ವರ್ಷ ತಂಗಿಯ ಮೊಮ್ಮಗಳು ಯಾವುದೋ ಕಾಗದ ಮಾಡಿಸುವುದಿದೆಯೆಂದು ನನ್ನನ್ನೂ ಕುಮಟೆಯ ಕಚೇರಿಯೊಂದಕ್ಕೆ ಕರೆದುಕೊಂಡು ಹೋಗಿದ್ದಳು. ಬೆಂಚಿನ ಮೇಲೆ ಕೂತು ಸರದಿ ಕಾಯುತ್ತಿದ್ದೆವು. ಮೂಲೆಯಲ್ಲಿ ಜವಾನನೊಬ್ಬ ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು, ಬಟ್ಟೆಯಲ್ಲಿ ಹೊಲಿದ ಪೊಟ್ಟಣಕ್ಕೆ ಮುದ್ರೆ ಒತ್ತತೊಡಗಿದ. ಅರಗು ಸುಡುವ ವಾಸನೆ ಮೂಗಿಗೆ ಬಡಿದದ್ದೇ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಷ್ಟರಲ್ಲಿ ಗುಮಾಸ್ತ ಕರೆದ. “ಅಜ್ಜಿ, ಇಲ್ಲೊಂದು ಸಾಕ್ಷಿ ಸಹಿ ಹಾಕಿ.”

“ನಾನು ಸಾಕ್ಷಿ ಹಾಕುವುದಿಲ್ಲ” ಎಂದೆ.

ಹುಡುಗಿಗೆ ಸಿಟ್ಟು ಬಂತು. ಕೊನೆಗೆ ಹೊರಗೆ ನಿಂತಿದ್ದ ರಿಕ್ಷಾದವನನ್ನು ಕರೆತಂದು ಸಹಿ ಹಾಕಿಸಿದಳು. ಅವಳ ತಪ್ಪಲ್ಲ. ನಾನು ಕಾರಣ ಹೇಳಿದ್ದರೆ ತಾನೇ?

ಅದು ಅರವತ್ತರ ದಶಕ ಶುರುವಾದ ಹೊಸತು. ನನಗೆ ಇಪ್ಪತ್ತನಾಲ್ಕು. ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವಿನ ಒಂದು ಸಣ್ಣ ಬಂದರು ಪೇಟೆಯ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಪೇಟೆಯ ಹೆಸರು ಬರೆಯುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ, ಅವರೇನೂ ಮಾಡಿದವರಲ್ಲ. ನಮ್ಮ ಊರು ಕರ್ಕಿ. ಅಪ್ಪಯ್ಯ ತೀರಿಕೊಂಡು ಮೂರು ವರ್ಷವಾಗಿತ್ತು. ಆಯಿ ಮತ್ತು ತಂಗಿ ನನ್ನ ಸಂಬಳ ನೋಡಿಕೊಂಡು ಕೂತಿದ್ದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗಬೇಕಾದರೆ ಶಾಲಾ ಸಮಿತಿಯ ಒಂದು ಒಳ್ಳೆಯ ಮಾತು ಬೇಕಿತ್ತು.

ಆ ವರ್ಷ ಕಾರ್ತಿಕದಲ್ಲಿ ಬಂಗಡೆ ಬಿದ್ದದ್ದು ಹಾಗೆ ಮತ್ತೆ ಬೀಳಲಿಲ್ಲ. ರಂಪಣಿ ಬಲೆ ಎಳೆದು ಎಳೆದು ಜನರ ಅಂಗೈ ಸಿಪ್ಪೆ ಎದ್ದಿತ್ತು. ಉಪ್ಪು ಸಾಲದೆ, ಲಾರಿ ಸಾಲದೆ, ಉಳಿದ ಮೀನನ್ನು ತೆಂಗಿನ ಬುಡಕ್ಕೆ ಹುಗಿದರು. ಅದೂ ಸಾಲದೆ ಹಾಗೇ ಮರಳಿನ ಮೇಲೆ ಬಿಟ್ಟರು. ಇಡೀ ಪೇಟೆ ಕೊಳೆತ ಮೀನಿನ ವಾಸನೆಯಲ್ಲಿ ಮುಳುಗಿತ್ತು. ಮಕ್ಕಳ ಪಾಟಿಯಲ್ಲಿ, ನಾನು ತಲೆ ಒರೆಸುವ ಬಟ್ಟೆಯಲ್ಲಿ, ಕುಡಿಯುವ ನೀರಿನಲ್ಲಿ ಅದೇ ವಾಸನೆ. ಮಳೆ ಮುಗಿದ ಮೇಲಿನ ಬಿಸಿಲು, ನೊಣ, ಲಾರಿಗಳ ಗಲಾಟೆ. ಮೀನಿನ ಹಿಂದೆ ಹೊರಗಿನ ವ್ಯಾಪಾರಿಗಳು ಬಂದರು. ವ್ಯಾಪಾರಿಗಳ ಹಿಂದೆ ಬಸ್ಸು ನಿಲ್ಲುವಲ್ಲಿನ ಲಾಡ್ಜು ತುಂಬಿತು. ಅಲ್ಲಿಗೆ ಹೊರ ಊರುಗಳಿಂದ ಹೆಂಗಸರು ಮೋಟಾರಿನಲ್ಲಿ ಬರುತ್ತಾರೆ, ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಮ್ಮ ನಾಲ್ಕನೇ ಇಯತ್ತೆಯ ಕಿಟಕಿಯಲ್ಲಿ ನಿಂತರೆ ಲಾಡ್ಜಿನ ಮಾಳಿಗೆ ನೆಟ್ಟಗೆ ಕಾಣುತ್ತಿತ್ತು. ಅದರ ಕೆಳಗಿನ ಚಾ ಅಂಗಡಿಯಲ್ಲಿ ಪೊಲೀಸರು ದಿನಾ ಕೂತಿರುತ್ತಿದ್ದರು. ಲಾಡ್ಜು ಶಾಂತಾರಾಮ ಸಾಹುಕಾರರ ಭಾವಮೈದುನನದು. ಸಾಹುಕಾರರು ಮರದ ವ್ಯಾಪಾರಿ. ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು.

ಸುಶೀಲಕ್ಕನ ಮನೆ ಇದ್ದದ್ದು ಇನ್ನೊಂದು ದಿಕ್ಕಿಗೆ, ಬಂದರಿಗೆ ಇಳಿಯುವ ಓಣಿಯ ತುದಿಗೆ. ಮೂವತ್ತೈದು ವರ್ಷದ ಹೆಂಗಸು. ಲಾಂಚಿನ ಗುತ್ತಿಗೆದಾರನೊಬ್ಬ ಎಲ್ಲಿಂದಲೋ ಕರೆತಂದು ಆ ಮನೆಯಲ್ಲಿಟ್ಟಿದ್ದ. ಅವನು ಸತ್ತ ಮೇಲೆ ಅವಳು ಅಲ್ಲೇ ಉಳಿದಳು. ಉಳಿದವಳು ಹೇಗೆ ಬದುಕಿದಳು ಎಂಬುದು ಪೇಟೆಯ ಗಂಡಸರಿಗೆಲ್ಲ ಗೊತ್ತು, ಹೆಂಗಸರಿಗೂ ಗೊತ್ತು. ಅವಳ ಜೊತೆ ರುಕ್ಮಿಣಿ ಎಂಬ ಇಪ್ಪತ್ತರ ಹುಡುಗಿಯಿದ್ದಳು. ಸುಶೀಲಕ್ಕನಲ್ಲಿ ಒಂದು ಹೊಲಿಗೆ ಮಿಷನ್ನೂ ಇತ್ತು. ಪೇಟೆಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದುದು ಅವಳೇ. ಆದರೆ ಯಾರೂ ಅವಳ ಮನೆಗೆ ಹೋಗುತ್ತಿರಲಿಲ್ಲ. ಅಳತೆಯ ರವಿಕೆಯನ್ನು ಕೆಲಸದವಳ ಕೈಲಿ ಕೊಟ್ಟು ಕಳಿಸುತ್ತಿದ್ದರು.

ನನಗೆ ಇದೆಲ್ಲ ತಿಳಿಯುವ ಮೊದಲೇ ನಾನು ಒಂದು ಸಂಜೆ ಬಟ್ಟೆ ಹಿಡಿದುಕೊಂಡು ನೆಟ್ಟಗೆ ಮುಂಬಾಗಿಲಿಗೇ ಹೋಗಿ ನಿಂತಿದ್ದೆ. ಅವಳು ಗಾಬರಿಯಾದಳು.

“ಅಕ್ಕೋರೇ, ನೀವು ಇಲ್ಲಿಗೆ ಬರೂಕಾಗ. ಹಿತ್ತಲ ಬದಿಗೆ ಬನ್ನಿ” ಎಂದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಜನ ಅಕ್ಕೋರು ಎನ್ನುತ್ತಾರೆ, ದೊಡ್ಡವರು ಬಾಯಿ ಎನ್ನುತ್ತಾರೆ.

“ಎಂತಕ್ಕೆ?”

“ನಿಮಗೇ ಆಮೇಲೆ ಗೊತ್ತಾತದೆ.”

ಹಿತ್ತಲಲ್ಲಿ ತೆಂಗಿನ ಗಿಡದ ಕೆಳಗೆ ನಿಲ್ಲಿಸಿ ಅಳತೆ ತೆಗೆದುಕೊಂಡಳು. ಬೆರಳುಗಳು ತಣ್ಣಗಿದ್ದವು. ಗೊತ್ತಾದ ಮೇಲೂ ನಾನು ಹೋಗುವುದನ್ನು ಬಿಡಲಿಲ್ಲ. ಆದರೆ ಹಿತ್ತಲ ಕಡೆಯಿಂದ ಹೋಗತೊಡಗಿದೆ. ಅಷ್ಟು ಮರ್ಯಾದೆ ನನಗೂ ಬಂದುಬಿಟ್ಟಿತ್ತು. ಗಾಂಧಿ ಜಯಂತಿಗೆ ಮಕ್ಕಳ ನಾಟಕಕ್ಕೆ ಹನ್ನೆರಡು ಅಂಗಿ ಹೊಲಿದುಕೊಟ್ಟವಳೂ ಅವಳೇ. ಹೆಡ್‌ಮಾಸ್ತರರು ಯಾರು ಹೊಲಿದದ್ದೆಂದು ಕೇಳಲಿಲ್ಲ. ಸಾಹುಕಾರರು ಭಾಷಣದಲ್ಲಿ ಅಂಗಿಗಳನ್ನು ಹೊಗಳಿದರು.

ಅದೊಂದು ಶನಿವಾರ. ಶಾಲೆ ಬಿಟ್ಟು ನಾನು ಹಾಜರಿ ಪುಸ್ತಕ ಮುಚ್ಚುತ್ತಿದ್ದೆ. ಹೆಡ್‌ಮಾಸ್ತರರು ಕರೆದರು. ಅವರ ಕೋಣೆಯಲ್ಲಿ ಹೊಸದಾಗಿ ಬಂದ ಇನ್ಸ್‌ಪೆಕ್ಟರರು ಕುರ್ಚಿಯಲ್ಲಿ ಕೂತಿದ್ದರು. ಹವಾಲ್ದಾರ ಬಾಗಿಲಿಗೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದ.

“ಒಂದು ಮನೆ ಝಡತಿ ಮಾಡುವುದಿದೆ, ಹೊಕ್ಕು ಶೋಧಿಸುವುದು” ಎಂದರು ಇನ್ಸ್‌ಪೆಕ್ಟರರು. “ಹೊಸ ಕಾಯ್ದೆ ಬಂದಿದೆ, ಗೊತ್ತಲ್ಲ, ಸೂಳೆಗಾರಿಕೆ ನಿಲ್ಲಿಸುವುದು. ಝಡತಿಗೆ ಊರಿನ ಮರ್ಯಾದಸ್ಥರು ಇಬ್ಬರು ಪಂಚರಾಗಿ, ಸಾಕ್ಷಿಗಳಾಗಿ, ಇರಬೇಕು. ಅದರಲ್ಲೊಬ್ಬರು ಹೆಂಗಸೇ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಮಾಸ್ತರರು ಒಬ್ಬರು. ಓದುಬರಹ ಬರುವ ಹೆಂಗಸು ಅಂದರೆ ಈ ಪೇಟೆಯಲ್ಲಿ ನೀವೇ.”

“ನಂಗೆ ಇದೆಲ್ಲ ಗೊತ್ತಿಲ್ಲ” ಎಂದೆ.

“ಗೊತ್ತಿರಬೇಕಾದ್ದು ಏನೂ ಇಲ್ಲ. ನೋಡುವುದು, ಸಹಿ ಮಾಡುವುದು.”

ಹೆಡ್‌ಮಾಸ್ತರರು ನನ್ನ ಕಡೆ ನೋಡಲಿಲ್ಲ. “ಸರ್ಕಾರದ ಕೆಲಸ ಸಾವಿತ್ರಿಬಾಯಿ. ಇಲ್ಲ ಅನ್ನೂಕೆ ಬರೂದಿಲ್ಲ” ಎಂದರು.

ಯಾವ ಮನೆ ಎಂದು ನಾನು ಕೇಳಲಿಲ್ಲ. ಲಾಡ್ಜಿಗೇ ಹೋಗುತ್ತಾರೆಂದುಕೊಂಡೆ. ನಿಜ ಹೇಳುತ್ತೇನೆ, ಒಳಗೊಳಗೆ ನನಗೆ ಖುಷಿಯೇ ಆಗಿತ್ತು. ಗೇಟಿನಲ್ಲಿ ಕಾಯುತ್ತಿದ್ದ ಇಬ್ಬರು ಪೊಲೀಸರೂ ಸೇರಿ ಎಲ್ಲರೂ ಬಂದರಿನ ಕಡೆ ತಿರುಗಿದಾಗ ಯಾವ ಮನೆಯೆಂದು ತಿಳಿಯಿತು.

ಮಧ್ಯಾಹ್ನದ ಬಿಸಿಲು. ಹವಾಲ್ದಾರ ಬಾಗಿಲನ್ನು ಒದ್ದ. ಅದು ಚಿಲಕ ಹಾಕಿರಲೇ ಇಲ್ಲ. ಗೋಡೆಗೆ ಬಡಿದು ತಿರುಗಿ ಬಂತು. ಮೆಟ್ಟು ಕಳಚದೆ ಎಲ್ಲರೂ ಒಳಗೆ ನುಗ್ಗಿದರು. ಸುಶೀಲಕ್ಕ ಮಿಷನ್ನಿನ ಮುಂದೆ ಕೂತಿದ್ದಳು. ಬಾಯಲ್ಲಿ ಎರಡು ಸೂಜಿ ಕಚ್ಚಿಕೊಂಡಿದ್ದಳು. ಅಡಿಗೆಮನೆ ಬಾಗಿಲಲ್ಲಿ ಬೆಳಕೆಯ ಗಣಪ ನಿಂತಿದ್ದ. ರಂಪಣಿ ಎಳೆಯುವ ಆಳು. ಕೈಯಲ್ಲಿ ಬಂಗಡೆಯ ಗೊಂಚಲು, ಕಾಲಿಗೆ ಒದ್ದೆ ಮರಳು. ಒಳಗಿನ ಕೋಣೆಯ ಪರದೆಯನ್ನು ಹವಾಲ್ದಾರ ಲಾಠಿಯಿಂದ ಎತ್ತಿದ.

ಮಂಚದ ಮೇಲೆ ಶಾಂತಾರಾಮ ಸಾಹುಕಾರರು ಕೂತಿದ್ದರು. ಬನಿಯನ್ನು, ಪಂಚೆ. ರುಕ್ಮಿಣಿ ಗೋಡೆಗೆ ಮುಖ ಮಾಡಿ ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

ಆಮೇಲೆ ಇನ್ಸ್‌ಪೆಕ್ಟರರು ಟೊಪ್ಪಿಗೆ ತೆಗೆದರು. ಹೌದು, ಅವರ ಮುಂದೆ ಟೊಪ್ಪಿಗೆ ತೆಗೆದರು.

“ಹಿಂದಿನ ಬಾಗಿಲು ತೆರೆದೇ ಇದೆ, ಸಾಹುಕಾರರೇ.”

ಸಾಹುಕಾರರು ಅವಸರ ಮಾಡಲಿಲ್ಲ. ಅಂಗಿ ತೊಟ್ಟರು, ಕೋಟು ತೊಟ್ಟರು, ಒಂದೊಂದೇ ಗುಂಡಿ ಹಾಕಿದರು. ಆಮೇಲೆ ಸುತ್ತ ನೋಡಿ, ನನ್ನ ಹತ್ತಿರ ಗೋಡೆಗೆ ಒರಗಿಸಿದ್ದ ಬೆಳ್ಳಿ ಹಿಡಿಯ ಕೋಲಿನ ಕಡೆ ಕೈಚಾಚಿದರು. “ಅದನ್ನೊಂದು ಇತ್ತ ಕೊಡಿ ಬಾಯಿ.”

ನಾನು ಕೋಲನ್ನು ಎತ್ತಿ ಅವರ ಕೈಗೆ ಕೊಟ್ಟೆ.

ಎರಡು ಕೈಯಿಂದ ಕೊಟ್ಟೆ, ಸಮಿತಿಯ ಸಭೆಯಲ್ಲಿ ಹೂವಿನ ಹಾರ ಕೊಡುವ ಹಾಗೆ. ಬದುಕಿನಲ್ಲಿ ಮಾಡಬಾರದ್ದನ್ನು ಬೇಕಾದಷ್ಟು ಮಾಡಿರಬಹುದು. ನೆನೆದರೆ ವಾಕರಿಕೆ ಬರುವುದು ಮಾತ್ರ ಇದಕ್ಕೇ. ಯಾರೂ ಹೆದರಿಸಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಅವರು ಹಿತ್ತಲಿಗೆ ಇಳಿದು ತೆಂಗಿನ ಗಿಡಗಳ ನಡುವೆ ನಡೆದು ಹೋದರು.

ಅವರ ಬೆನ್ನು ಮರೆಯಾದ ಮೇಲೆ ಪೊಲೀಸರ ಪೌರುಷ ಎದ್ದಿತು. ಹವಾಲ್ದಾರ ಗಣಪನ ಕೆನ್ನೆಗೆ ಬಾರಿಸಿದ. ಮೀನಿನ ಗೊಂಚಲು ನೆಲಕ್ಕೆ ಬಿತ್ತು.

“ನಾ ಮೀನ ಕೊಡೂಕೆ ಬಂದದ್ದು ಒಡೆಯಾ!” ಎಂದು ಗಣಪ ಕೂಗಿಕೊಂಡ. “ಇಕಾ, ಅಕ್ಕೋರು ಕಂಡಿರು, ಕೇಳಿ ಬೇಕಾರೆ!”

“ಬೋಳಿಮಗನೇ, ಸೂಳೆಮನೆಗೆ ಮೀನು ಕೊಡುವುದಕ್ಕೇ ಬರುತ್ತಾರಾ ಎಲ್ಲರೂ?” ಎಂದು ಹವಾಲ್ದಾರ ಇನ್ನೊಂದು ಕೊಟ್ಟ. ಆ ಹವಾಲ್ದಾರ ವಾರಕ್ಕೊಮ್ಮೆ ಅದೇ ಮನೆಗೆ ಬರುತ್ತಿದ್ದವನು, ಮತ್ತು ಏನೂ ಕೊಡದೆ ಹೋಗುತ್ತಿದ್ದವನು ಎಂಬುದು ನನಗೆ ಆಮೇಲೆ ಸುಶೀಲಕ್ಕನೇ ಹೇಳಿ ಗೊತ್ತಾಯಿತು.

ಪೆಟ್ಟಿಗೆ ತೆಗೆದರು. ಲಾಠಿಯ ತುದಿಯಿಂದ ಸೀರೆಗಳನ್ನು ಎತ್ತಿ ಎತ್ತಿ ಹೊರಗೆ ಹಾಕಿದರು. ಒಳಲಂಗ ಸಿಕ್ಕಾಗ ಅದನ್ನು ಲಾಠಿಗೆ ನೇತುಹಾಕಿ ಒಬ್ಬ ಇನ್ನೊಬ್ಬನಿಗೆ ತೋರಿಸಿದ. ಹೆಡ್‌ಮಾಸ್ತರರೂ ಸಣ್ಣಗೆ ನಕ್ಕರು. ಎಲೆಯಡಿಕೆಯ ರಸವನ್ನು ಹವಾಲ್ದಾರ ಒಲೆಯ ಬೂದಿಗೆ ಉಗಿದ. ಕನ್ನಡಿ, ಬಾಚಣಿಗೆ, ಒಂದು ಹಾಸಿಗೆ ಬಟ್ಟೆ: ಇವು ಮುದ್ದೇಮಾಲು, ಕೋರ್ಟಿಗೆ ಒಪ್ಪಿಸುವ ಸಾಮಾನು ಎಂದು ಬಟ್ಟೆಯಲ್ಲಿ ಸುತ್ತಿ ಅರಗು ಕರಗಿಸಿ ಮುದ್ರೆ ಹಾಕಿದರು. ಹೊಲಿಗೆ ಮಿಷನ್ನನ್ನೂ ಒಬ್ಬ ಪೊಲೀಸ ಹೊತ್ತುಕೊಂಡ. ಅದಕ್ಕೆ ಮುದ್ರೆ ಹಾಕಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಶಾಲೆಯಿಂದಲೋ ಗುಡಿಯಿಂದಲೋ ಇನ್ನೂರು ಗಜದ ಒಳಗೆ ಆ ದಂಧೆ ನಡೆದರೆ ಹೆಂಗಸಿಗೂ ಶಿಕ್ಷೆ, ಅವಳ ಜೊತೆ ಸಿಕ್ಕ ಗಂಡಸಿಗೂ ಶಿಕ್ಷೆ. ಹಾಗೆಂದು ಇನ್ಸ್‌ಪೆಕ್ಟರರೇ ವಿವರಿಸಿದ್ದರು. ಅದಕ್ಕೇ ಟೇಪು ತಂದಿದ್ದರು. ರಸ್ತೆಯ ಮೇಲೆ ಅಳೆದರೆ ಇನ್ನೂರಕ್ಕೆ ಹದಿನೈದು ಗಜ ಹೆಚ್ಚಾಯಿತು. ಇನ್ಸ್‌ಪೆಕ್ಟರರು ಹುಬ್ಬು ಗಂಟಿಕ್ಕಿದರು. ಆಮೇಲೆ ಶಾಲೆಯ ಗೇಟು ಬಿಟ್ಟು ಹಿಂದಿನ ಮೂತ್ರಿಯ ಗೋಡೆಯಿಂದ ಹಿಡಿದು, ಪಕ್ಕದವರ ಬೇಲಿ ಮುರಿದು, ಬಾವಿಕಟ್ಟೆ ದಾಟಿಸಿ ಅಳೆದರು. ನೂರಾ ತೊಂಬತ್ತಕ್ಕೆ ಬಂತು.

“ಇಷ್ಟು ಸಾಕು. ಬರಿ” ಎಂದರು.

ಪಂಚನಾಮೆಯನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದರು. ನಾನು ಪೂರ್ತಿ ಓದಿದೆ. ಇಬ್ಬರು ಹೆಂಗಸರು. ಒಬ್ಬ ಗಂಡಸು, ಗಣಪ, ವಾಸ ಬೆಳಕೆ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಸಿಕ್ಕಿದನು.

“ಇನ್ನೊಬ್ಬರು ಇದ್ದರಲ್ಲ” ಎಂದೆ.

“ಯಾರು ಇನ್ನೊಬ್ಬರು?” ಇನ್ಸ್‌ಪೆಕ್ಟರರು ನಗುತ್ತಲೇ ಕೇಳಿದರು. “ಹೆಸರು ಹೇಳಿ, ಬರೆದುಕೊಳ್ಳುತ್ತೇನೆ.”

ಹೆಡ್‌ಮಾಸ್ತರರು ಕೆಮ್ಮಿದರು. “ನಿಮ್ಮ ಖಾಯಂ ಕಾಗದ ಸಮಿತಿಯ ಮುಂದೆ ಅದೆ, ಬಾಯಿ” ಎಂದರು ಮೆಲ್ಲಗೆ.

ಸಹಿ ಮಾಡಿದೆ. ಸಾವಿತ್ರಿ, ಸಹಶಿಕ್ಷಕಿ. ಅಕ್ಷರ ಒಂದೂ ನಡುಗಲಿಲ್ಲ.

ಆ ಇಬ್ಬರು ಹೆಂಗಸರನ್ನೂ ಗಣಪನನ್ನೂ ಹಗಲು ಹೊತ್ತಿನಲ್ಲೇ ಪೇಟೆಯ ನಡುವೆ ನಡೆಸಿಕೊಂಡು ಹೋದರು. ಅಂಗಡಿಗಳ ಮುಂದೆ ಜನ ಸಾಲುಗಟ್ಟಿತು. ಯಾರೋ ಸಿಳ್ಳೆ ಹಾಕಿದರು. ಸುಶೀಲಕ್ಕ ಹೊಲಿದ ರವಿಕೆ ತೊಟ್ಟ ಹೆಂಗಸೊಬ್ಬಳು ಜಗಲಿಯಿಂದ ಥೂ ಎಂದು ಉಗಿದದ್ದನ್ನು ಕಣ್ಣಾರೆ ಕಂಡೆ. ಲಾಡ್ಜಿನ ಮಾಳಿಗೆಯಲ್ಲಿ ನಿಂತವರೂ ನೋಡುತ್ತಿದ್ದರು.

ಕೋರ್ಟಿನಲ್ಲಿ ಹೆಂಗಸರಿಬ್ಬರ ಕೆಲಸ ಮೊದಲ ದಿನವೇ ಮುಗಿದುಹೋಯಿತು. ಒಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಹೋಗಬಹುದು, ಇಲ್ಲದಿದ್ದರೆ ವರ್ಷಗಟ್ಟಲೆ ಎಳೆಯುತ್ತದೆ ಎಂದು ಹವಾಲ್ದಾರ ಹೇಳಿಕೊಟ್ಟಿದ್ದನಂತೆ. ಇಬ್ಬರೂ ತಪ್ಪಾಯಿತೆಂದು ಕೈಮುಗಿದರು. ಸುಶೀಲಕ್ಕನಿಗೆ ಒಂದು ತಿಂಗಳ ಸಜೆಯಾಯಿತು. ರುಕ್ಮಿಣಿಯನ್ನು ಘಟ್ಟದ ಮೇಲಿನ ಯಾವುದೋ ರಕ್ಷಣಾ ಗೃಹಕ್ಕೆ ಕಳಿಸಿದರು. ಗಣಪ ಮಾತ್ರ ಒಪ್ಪಲಿಲ್ಲ. “ಮಾಡದ್ದನ್ನ ಮಾಡಿದೆ ಅಂದ್ರೆ ಹೆಂಡ್ತಿಗೆ ಎಂತ ಹೇಳೂದು?” ಎಂದು ಹಟ ಹಿಡಿದ. ಬಲೆಯವರು ಸೇರಿ ಅವನನ್ನು ಜಾಮೀನಿನ ಮೇಲೆ ಬಿಡಿಸಿ, ಒಬ್ಬ ಹೊಸ ವಕೀಲನನ್ನು ಹಿಡಿದರು. ಹಾಗಾಗಿ ಅವನ ವಿಚಾರಣೆ ಉಳಿಯಿತು. ನನಗೆ ಸಾಕ್ಷಿಯ ಸಮನ್ಸು ಬಂತು.

ಆ ದಿನಗಳಲ್ಲಿ ಸಾಹುಕಾರರು ಒಮ್ಮೆ ಶಾಲೆಗೆ ಬಂದರು. ನನ್ನ ಇಯತ್ತೆಯ ಬಾಗಿಲಲ್ಲಿ ನಿಂತು ಮಕ್ಕಳಿಗೆ ಪೆಪ್ಪರಮೆಂಟು ಹಂಚಿಸಿದರು. “ಪೇಟೆ ಈಗ ಸ್ವಚ್ಛ ಆಯಿತು ನೋಡಿ ಬಾಯಿ. ಹೆಣ್ಣುಮಕ್ಕಳ ಶಾಲೆಯ ಹತ್ತಿರ ಅಂಥದೆಲ್ಲ ಇರಬಾರದು” ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರು ಹೋದ ಮೇಲೆ ನಾನು ಬಾವಿಕಟ್ಟೆಗೆ ಹೋಗಿ ಕೈ ತೊಳೆದೆ, ಮತ್ತೆ ತೊಳೆದೆ. ಮೀನಿನ ವಾಸನೆ ಹೋಗಲಿಲ್ಲ.

ಭಾನುವಾರ ಕರ್ಕಿಗೆ ಹೋಗಿ ಆಯಿಗೆ ಎಲ್ಲ ಹೇಳಿದೆ. ಕೋಲು ಕೊಟ್ಟದ್ದನ್ನೂ ಹೇಳಿದೆ. ಆಯಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ನಿಂಗೆ ಹೇಸಿಗೆ ಆಜಿಲ್ಯನೆ ಕೂಸೆ?”

“ಆಯ್ದು” ಎಂದೆ. ಆಗಿತ್ತು.

“ಹಂಗಾರೆ ಕೋರ್ಟಲ್ಲಿ ನೀ ಕಂಡದ್ದೇ ಹೇಳು.”

“ಕೆಲ್ಸ ಹೋದ್ರೆ?”

ಆಯಿ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. “ಹೋದ್ರೆ ಹೋತು. ಗಂಜಿಗೆ ಬರ ಇಲ್ಲೆ” ಎಂದಳು. ಬರ ಇತ್ತು. ಆ ಮನೆಯಲ್ಲಿ ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನ ನಾಲ್ಕನೇ ಇಯತ್ತೆಗೆ ಅಡಿ-ಗಜದ ಪಾಠವಿತ್ತು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಗಜದ ಕೋಲು ಹಿಡಿದು ಶಾಲೆಯ ಗೇಟಿನಿಂದ ರಸ್ತೆಯುದ್ದಕ್ಕೂ ಅಳೆಸಿದೆ. ಮಕ್ಕಳು ಒಂದೇ ದನಿಯಲ್ಲಿ ಎಣಿಸಿದರು. ಲಾಡ್ಜಿನ ಮೆಟ್ಟಿಲು ಮುಟ್ಟುವಾಗ ನೂರಾ ಹತ್ತು. ಚಾ ಕುಡಿಯುತ್ತಿದ್ದ ಹವಾಲ್ದಾರ ಲೋಟ ಹಿಡಿದುಕೊಂಡೇ ನೋಡಿದ. “ಎಂತ ಅಕ್ಕೋರೇ ಇದು?” ಎಂದ.

“ಲೆಕ್ಕದ ಪಾಠ” ಎಂದೆ.

ವಿಚಾರಣೆಯ ದಿನ ಬಲೆಯ ಜನ ಕೋರ್ಟಿನ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. ಸರ್ಕಾರಿ ವಕೀಲರು ಸಹಿ ತೋರಿಸಿ ನಿಮ್ಮದೇ ತಾನೇ ಎಂದರು. ಹೌದೆಂದೆ. ಗಣಪನ ವಕೀಲ ಎದ್ದು ಕೇಳಿದ: “ಪೊಲೀಸರು, ಪಂಚರು ಬಿಟ್ಟು ಆ ಮನೆಯಲ್ಲಿ ಎಷ್ಟು ಗಂಡಸರನ್ನು ಕಂಡಿರಿ?”

“ಇಬ್ಬರನ್ನು.”

ವಕೀಲ ಗಣಪನ ಕಡೆ ಕೈ ತೋರಿಸಿದ.

“ಗಣಪ ಎಲ್ಲಿದ್ದ?”

“ಅಡಿಗೆಮನೆ ಬಾಗಿಲಲ್ಲಿ. ಕೈಯಲ್ಲಿ ಮೀನಿತ್ತು. ಕೋಣೆಯಲ್ಲಿದ್ದವರು ಶಾಂತಾರಾಮ ಸಾಹುಕಾರರು. ಇನ್ಸ್‌ಪೆಕ್ಟರರು ಅವರನ್ನು ಹಿಂದಿನ ಬಾಗಿಲಿನಿಂದ ಕಳಿಸಿದರು.”

ಸರ್ಕಾರಿ ವಕೀಲರು ಧಡಕ್ಕನೆ ಎದ್ದರು. ಮ್ಯಾಜಿಸ್ಟ್ರೇಟರು ಅವರನ್ನು ಕೂರಿಸಿ ನನ್ನನ್ನು ಕೇಳಿದರು. ವಯಸ್ಸಾದವರು, ತಾಳ್ಮೆಯ ಮನುಷ್ಯ.

“ಹಾಗಿದ್ದರೆ ಈ ಕಾಗದಕ್ಕೆ ಯಾಕೆ ಸಹಿ ಮಾಡಿದಿರಿ? ಓದಿರಲಿಲ್ಲವೇ?”

“ಓದಿದ್ದೆ ಸ್ವಾಮಿ. ಸುಳ್ಳು ಎಂದು ಗೊತ್ತಿದ್ದೇ ಮಾಡಿದೆ. ಹೆದರಿಕೆಯಾಗಿತ್ತು.”

“ಅದೂ ಅಪರಾಧ ಎಂದು ಗೊತ್ತೇ?”

“ಗೊತ್ತು.” ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. “ಆ ಮನೆ ಗೇಟಿನಿಂದ ಇನ್ನೂರು ಗಜದ ಆಚೆಗಿದೆ. ಮೂತ್ರಿಯ ಗೋಡೆಯಿಂದ ಅಳೆದು ಒಳಗೆ ತಂದರು. ಬಸ್ಸು ನಿಲ್ಲುವಲ್ಲಿನ ಲಾಡ್ಜು ನೂರಾ ಹತ್ತು ಗಜದಲ್ಲಿದೆ. ಅದನ್ನು ಯಾರೂ ಅಳೆಯಲಿಲ್ಲ.”

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. “ನನ್ನ ಮುಂದೆ ತಂದು ನಿಲ್ಲಿಸಿದವರನ್ನು ಮಾತ್ರ ನಾನು ವಿಚಾರಿಸಬಲ್ಲೆ, ತಾಯಿ” ಎಂದರು. ಅವರ ಮುಖದಲ್ಲಿ ನನಗೆ ಕಂಡದ್ದು ಬೇಸರವೋ ಹೇಸಿಗೆಯೋ ಇವತ್ತಿಗೂ ಗೊತ್ತಾಗಿಲ್ಲ.

ಗಣಪ ಬಿಡುಗಡೆಯಾದ. ಇನ್ಸ್‌ಪೆಕ್ಟರರ ಬಗ್ಗೆ ಮ್ಯಾಜಿಸ್ಟ್ರೇಟರು ತೀರ್ಪಿನಲ್ಲಿ ನಾಲ್ಕು ಕಟುವಾದ ಸಾಲು ಬರೆದರಂತೆ. ಇನ್ಸ್‌ಪೆಕ್ಟರರಿಗೆ ವರ್ಗವಾಯಿತು, ಆಮೇಲೆ ಬಡ್ತಿಯೂ ಆಯಿತೆಂದು ಕೇಳಿದೆ. ಸಾಹುಕಾರರನ್ನು ಯಾರೂ ಏನೂ ಕೇಳಲಿಲ್ಲ. ಜನವರಿಯಲ್ಲಿ ಅವರೇ ಧ್ವಜ ಹಾರಿಸಿದರು. ಮಕ್ಕಳ ಜೊತೆ ನಾನೂ ನಿಂತು ವಂದನೆ ಮಾಡಬೇಕಾಯಿತು. ಬಾವುಟಕ್ಕೆ ಮಾಡಿದ್ದು ಎಂದು ಮನಸ್ಸಿಗೆ ಹೇಳಿಕೊಂಡೆ. ಅದಾಗಿ ಹದಿನೈದು ದಿನಕ್ಕೆ ನನ್ನ ಕೈಗೂ ಕಾಗದ ಬಂತು. ಖಾಯಮ್ಮಿನದಲ್ಲ. ಯಾಣದ ಹತ್ತಿರ ಕಾಡಿನೊಳಗಿನ ಏಕೋಪಾಧ್ಯಾಯ ಶಾಲೆಗೆ ವರ್ಗ. ಕೆಲಸ ತೆಗೆದಿರಲಿಲ್ಲ, ಅಷ್ಟು ದಯೆ ತೋರಿಸಿದ್ದರು.

ಹೊರಡುವ ದಿನ ಬೆಳಿಗ್ಗೆ ಗಣಪ ಒಂದು ಗೊಂಚಲು ಬಂಗಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ. ನಾವು ಮೀನು ತಿನ್ನುವವರಲ್ಲ ಎಂದು ಅವನಿಗೆ ನೆನಪಾಗಿ, ನಾಚಿ, “ಹಂಗಾರೆ ನಿಮ್ಮ ಟ್ರಂಕ ಹೊರೂಕೆ ಆದ್ರೂ ಬತ್ತೆ” ಎಂದು ಟ್ರಂಕು ತಲೆಯ ಮೇಲಿಟ್ಟುಕೊಂಡು ಬಸ್ಸಿನವರೆಗೆ ಬಂದ.

ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಸುಶೀಲಕ್ಕ ಕೂತಿದ್ದಳು. ಸಜೆ ಮುಗಿಸಿ ಬಂದವಳಿಗೆ ತಾಲ್ಲೂಕು ಬಿಟ್ಟು ಹೋಗಬೇಕೆಂದು ಇನ್ನೊಂದು ಹುಕುಮು ಕೊಟ್ಟಿದ್ದರು. ಬಸ್ಸು ತುಂಬಿತ್ತು, ಅವಳ ಪಕ್ಕದ ಜಾಗ ಮಾತ್ರ ಖಾಲಿ. ಹೆಂಗಸರು ನಿಂತೇ ಇದ್ದರು. ನಾನು ಹೋಗಿ ಕೂತೆ. ಅವಳು ಕಿಟಕಿಯ ಕಡೆ ಸರಿದಳು. ತೀರ ಬಡವಾಗಿದ್ದಳು; ತಲೆಯಲ್ಲಿ ಹೇನು ಬಿದ್ದಿದ್ದವೇನೋ, ಕೂದಲನ್ನು ಗಿಡ್ಡ ಕತ್ತರಿಸಿದ್ದರು.

ಹವಾಲ್ದಾರನ ವಿಷಯ ಅವಳು ನನಗೆ ಹೇಳಿದ್ದು ಆಗಲೇ, ಕಿಟಕಿಯಾಚೆ ನೋಡುತ್ತ, ಯಾರದೋ ಸುದ್ದಿ ಹೇಳುವ ಹಾಗೆ. ರುಕ್ಮಿಣಿಯಿಂದ ಸುದ್ದಿ ಬಂದಿಲ್ಲ ಎಂದಳು.

“ನಾನು ಕೋರ್ಟಿನಲ್ಲಿ ನಿಜ ಹೇಳಿದೆ ಸುಶೀಲಕ್ಕ” ಎಂದೆ. ಅವಳು ಏನಾದರೂ ಒಳ್ಳೆಯ ಮಾತು ಆಡಲಿ ಎಂದು ನನಗೆ ಆಸೆಯಿತ್ತು. ಅದಕ್ಕೇ ಹೇಳಿದ್ದು.

“ಕೇಳಿದೆ. ಗಣಪಂಗೆ ಬಿಡುಗಡೆ ಆತಲ್ಲ, ಚಲೋ ಆತು” ಎಂದಳು. ಅಷ್ಟೇ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ತೆಂಕಣ ದಡದಲ್ಲಿ ಬಸ್ಸು ಬಿಟ್ಟು ಲಾಂಚಿನಲ್ಲಿ ಹೊನ್ನಾವರಕ್ಕೆ ದಾಟಬೇಕು. ತಾರಿಕಟ್ಟೆಯಲ್ಲಿ ಲಾಂಚಿಗೆ ಕಾಯುತ್ತ ನಿಂತಾಗ ಪೊಲೀಸನೊಬ್ಬ ಬಂದ. ಹುಡುಗ ಪ್ರಾಯದವನು. ಅವನಿಗೆ ನಮ್ಮ ಪರಿಚಯವಿಲ್ಲ. ಗಂಟು ಹಿಡಿದು ನಿಂತ, ಗಂಡಸಿನ ಜೊತೆಯಿಲ್ಲದ ಇಬ್ಬರು ಹೆಂಗಸರು. ಒಬ್ಬಳಿಗೆ ಗಿಡ್ಡ ಕೂದಲು. ಅವನಿಗೆ ಅಷ್ಟೇ ಸಾಕಿತ್ತು.

“ಎಲ್ಲಿಂದ ಬಂದದ್ದು? ಎಲ್ಲಿಗೆ ಹೋಗೂದು?”

“ನಾನು ಶಾಲೆಯ ಮಾಸ್ತರಿಣಿ. ವರ್ಗವಾಗಿ ಹೋಗುತ್ತಿದ್ದೇನೆ” ಎಂದೆ.

ಅವನ ದನಿ ಕೂಡಲೇ ಬದಲಾಯಿತು. “ಹೌದಾ ಅಕ್ಕೋರೇ, ನೀವು ಹೋಗಿ, ಲಾಂಚು ಬಂತು” ಎಂದವನು ಲಾಠಿಯನ್ನು ಅಡ್ಡ ಹಿಡಿದು ಸುಶೀಲಕ್ಕನನ್ನು ತಡೆದ. “ನೀ ನಿಲ್ಲು. ಗಂಟಲ್ಲಿ ಎಂತ ಅದೆ? ಬಿಚ್ಚು.”

ಸುಶೀಲಕ್ಕ ಗಂಟನ್ನು ಕೆಳಗಿಟ್ಟು ಕೂತಳು. ಬಿಚ್ಚಿ ಬಿಚ್ಚಿ ರೂಢಿಯಾದವರ ಹಾಗೆ ಬೆರಳು ಗಂಟಿಗೆ ಹಾಕಿದಳು. ನಾನು ಲಾಂಚಿನ ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದವಳು ತಿರುಗಿ ಬಂದೆ.

“ಅವರು ನಮ್ಮ ಅಕ್ಕ. ನನ್ನ ಜೊತೆಗೇ ಬಂದವರು. ಕಾಯಿಲೆಯಾಗಿತ್ತು” ಎಂದೆ.

ಪೊಲೀಸ ಲಾಠಿ ಕೆಳಗಿಳಿಸಿದ. “ಮೊದ್ಲೇ ಹೇಳೂದಲ್ವಾ ಅಕ್ಕೋರೇ, ತಪ್ಪಾತು” ಎಂದು ತಾನೇ ಬಗ್ಗಿ ಗಂಟನ್ನು ಎತ್ತಿ ಲಾಂಚಿನೊಳಗೆ ಇಟ್ಟುಕೊಟ್ಟ. ಸುಶೀಲಕ್ಕನಿಗೂ ಕೈಯೆತ್ತಿ ನಮಸ್ಕಾರ ಮಾಡಿದ.

ಲಾಂಚು ಹೊಳೆಯ ನಡುವೆ ಬಂದಾಗ ಅವಳು ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಉಪಕಾರ ಸ್ಮರಣೆಯೂ ಇರಲಿಲ್ಲ.

“ನಿಮ್ಮ ಅಕ್ಕ ಅಂದದ್ದಕ್ಕೆ ಬಿಟ್ಟ” ಎಂದಳು. “ಇವಳು ಸುಶೀಲಾ ಅಂತ ಹೇಳಿದ್ರೆ ಬಿಡ್ತಿದ್ನಾ ಅಕ್ಕೋರೇ?”

ಹೊನ್ನಾವರದ ದಡ ಬಂದ ಮೇಲೆ ಅವಳು ತನ್ನ ಗಂಟನ್ನು ತಾನೇ ಎತ್ತಿಕೊಂಡು, ಇಳಿದು, ತಿರುಗಿ ನೋಡದೆ ಜನರ ನಡುವೆ ಹೋದಳು.